ಮಾಸ್ತರರ ಕೈಗಂಟೆ

ಹೊನ್ನಾವರ ಪೇಟೆಯ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಶ್ರೀರಾಮ ಹೆಗಡೆಯವರು ಸಂಜೆ ಹೊತ್ತು ಇಂಗ್ಲಿಷ್ ಮಾತನಾಡಲು ಕಲಿಸುತ್ತಾರೆ. ಹಗಲಿನಲ್ಲಿ ಹೈಸ್ಕೂಲಿನ ಮಾಸ್ತರಿಕೆ, ಸಂಜೆ ಈ ವರ್ಗ. ಹುಟ್ಟಿದ್ದು ಕುಮಟಾ ತಾಲೂಕಿನ ಸಂತೆಗುಳಿಯಲ್ಲಿ, ಓದಿದ್ದು ಕನ್ನಡ ಮಾಧ್ಯಮದಲ್ಲಿ. ವ್ಯಾಕರಣ ಅವರಿಗೆ ಅಂಗೈ ಮೇಲಿನ ಗೆರೆಯಷ್ಟು ಪರಿಚಿತ. ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸುವುದನ್ನು ಅವರು ಕಲಿಸಿದರೆ ಜನ್ಮದಲ್ಲಿ ಮರೆಯುವಂತಿಲ್ಲ. ಆದರೆ ಮರೆಯದೆ ಇದ್ದವರು ಯಾರೂ ಬಾಯಿ ಬಿಟ್ಟು ಒಂದು ವಾಕ್ಯ ಆಡುತ್ತಿರಲಿಲ್ಲ ಎಂಬುದೇ ಅವರ ಕೊರಗು.

ವರ್ಗಕ್ಕೆ ಬರುವವರು ಎರಡು ಬಗೆ. ಒಂದು, ಧನ್ಯಾಳಂಥ ಕಾಲೇಜು ಮಕ್ಕಳು. ಇನ್ನೊಂದು, ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಪ್ರಕಾಶನಂಥ ದೊಡ್ಡವರು. ಮಕ್ಕಳಿಗೆ ದೊಡ್ಡವರ ಎದುರು ನಾಚಿಕೆ, ದೊಡ್ಡವರಿಗೆ ಮಕ್ಕಳ ಎದುರು ಅದಕ್ಕಿಂತ ಹೆಚ್ಚು ನಾಚಿಕೆ. ಮಾಸ್ತರರು ಹಲಗೆಯ ಮೇಲೆ ಕಾಲಗಳ ಕೋಷ್ಟಕ ಬರೆದು ತಿರುಗಿದರೆ, ಮುಂದಿನ ಸಾಲಿನವರು ಆಕಳಿಸುತ್ತಿದ್ದರು, ಹಿಂದಿನ ಸಾಲಿನವರು ಮೊಬೈಲು ನೋಡುತ್ತಿದ್ದರು.

ಒಂದು ದಿನ ಧನ್ಯಾ ನೇರವಾಗಿ ಹೇಳಿಯೇಬಿಟ್ಟಳು. "ಸರ್, ಬೇಜಾರು ಮಾಡ್ಕಳ್ಬೇಡಿ. ಇದೆಲ್ಲಾ ಮೊಬೈಲಲ್ಲೇ ಸಿಕ್ತದೆ. ಇಲ್ಲಿಗೆ ಬಂದು ಮೆಟ್ಲು ಹತ್ತುದು ಎಂತಕ್ಕೆ?"

ಮಾಸ್ತರರಿಗೆ ಸಿಟ್ಟು ಬರಲಿಲ್ಲ, ದಿಗಿಲಾಯಿತು. ಮರುದಿನ ಅವರು ಮನೆಯಿಂದ ಒಂದು ಹಿತ್ತಾಳೆಯ ಕೈಗಂಟೆ ತಂದು ಮೇಜಿನ ಮೇಲಿಟ್ಟರು. ಇನ್ನು ಪಾಠವಿಲ್ಲ, ಮಾತು ಮಾತ್ರ. ಪ್ರಕಾಶ ಔಷಧದ ಅಂಗಡಿಯವನೇ ಆಗಿರಲಿ, ಧನ್ಯಾ ಹೊಟ್ಟೆನೋವಿನ ಅಜ್ಜಿಯಾಗಿ ಬರಲಿ. ಮಾತಾಡುವಾಗ ಯಾರು ತಪ್ಪಿದರೂ ಯಾರು ಬೇಕಾದರೂ ಗಂಟೆ ಹೊಡೆಯಬಹುದು. ಸ್ವತಃ ಮಾಸ್ತರರು ತಪ್ಪಿದರೂ ಸರಿ.

ಕೋಣೆಯ ಚಹರೆಯೇ ಬದಲಾಯಿತು. ಧನ್ಯಾಳ ಅಜ್ಜಿ 'ಡಾಕ್ಟರ್, ಮೈ ಸ್ಟಮಕ್ ಈಸ್ ಈಟಿಂಗ್ ಮೀ' ಎಂದಳು. ಟಣ್! ಪ್ರಕಾಶ 'ಹೌ ಮಚ್ ಡೇಸ್ ಈಟಿಂಗ್?' ಎಂದ. ಟಣ್ ಟಣ್! ಕೆಳಗಿನ ಬಟ್ಟೆ ಅಂಗಡಿಯವರು ಮೆಟ್ಟಿಲ ಬುಡದಲ್ಲಿ ನಿಂತು ಕೇಳಿದರು, "ಮಾಸ್ತರ್ರೇ, ಮೇಲೆ ಪಾಠವಾ, ಆರತಿಯಾ?" ಖಾಲಿ ಬೆಂಚುಗಳು ತುಂಬಿದವು. ನಗುವವರ ನಡುವೆ ನಾಚಿಕೆ ಹೆಚ್ಚು ಹೊತ್ತು ಕೂರಲಾರದು ಎಂದು ಮಾಸ್ತರರು ತಮ್ಮಷ್ಟಕ್ಕೆ ಹಿಗ್ಗಿದರು.

ಆ ಹೊಸ ಗದ್ದಲ ಕೇಳಿ ಮೆಟ್ಟಿಲು ಹತ್ತಿ ಬಂದವಳು ನೀಲಾ. ಶರಾವತಿ ಸೇತುವೆಯ ಆಚೆಯವಳು, ನಲವತ್ತು ದಾಟಿದ ಗಟ್ಟಿ ಹೆಂಗಸು. ಅವಳ ಗಂಡ ತಿಮ್ಮಪ್ಪ ಪ್ರವಾಸಿಗಳನ್ನು ಹೊಳೆಯ ಮೇಲೆ ಕರೆದೊಯ್ಯುವ ದೋಣಿ ನಡೆಸುತ್ತಿದ್ದ. ಅವನ ದೋಣಿಯೂ ಸೇರಿದಂತೆ ಅಲ್ಲಿನ ಕೆಲವು ದೋಣಿಗಳನ್ನು ಊರಿನ ಹೆಂಗಸರ ಒಂದು ಸಂಘ ನೋಡಿಕೊಳ್ಳುತ್ತಿತ್ತು. ಹೊಳೆಯ ಉಪ್ಪುನೀರಲ್ಲೇ ಬೇರು ಬಿಟ್ಟು ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ದೋಣಿ ಹೋಗುವಾಗ ಪ್ರವಾಸಿಗಳಿಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಲು ಎಲ್ಲಿಂದಲೋ ಒಬ್ಬ ಹುಡುಗನನ್ನು ಗೊತ್ತುಮಾಡಿದ್ದರು. ಮಳೆಗಾಲ ಮುಗಿದು ದೋಣಿ ಮತ್ತೆ ಹೊರಟಾಗ ಆ ಕೆಲಸ ಸಂಘದ ಹೆಂಗಸರಲ್ಲೇ ಒಬ್ಬರಿಗೆ ಎಂದು ತೀರ್ಮಾನವಾಗಿತ್ತು. ನೀಲಾ ಹೆಸರು ಕೊಟ್ಟಿದ್ದಳು.

"ಆ ಹುಡ್ಗ ನಮ್ಮ ಹೊಳೆ ಬಗ್ಗೆ ಎಂತೆಂತದೋ ಹೇಳ್ತ ಸರ್," ಎಂದಳು ಮೊದಲ ದಿನವೇ. "ನಾ ಹುಟ್ಟಿದ್ದೇ ಹೊಳೆ ದಂಡೆಲಿ. ದೋಣಿ ತುದಿಲಿ ಕೂತು ಬಾಯಿ ಮುಚ್ಕಂಡು ಕೇಳುದು ಅಂದ್ರೆ ಹೊಟ್ಟೆ ಉರಿತದೆ. ನಂಗೆ ಹೇಳುಕೆ ಬಂದ್ರೆ ಸಾಕು."

ಅವಳು ಎಲ್ಲರಿಗಿಂತ ಹೆಚ್ಚು ತಪ್ಪು ಮಾಡಿದಳು, ಎಲ್ಲರಿಗಿಂತ ಹೆಚ್ಚು ಮಾತನಾಡಿದಳು. ಗಂಟೆ ಹೊಡೆದಾಗಲೆಲ್ಲ "ಹೊಡೀರಿ ಹೊಡೀರಿ, ದೇವ್ರಿಗೂ ಕೇಳ್ಲಿ" ಎಂದು ತಾನೇ ಮೊದಲು ನಗುವಳು.

ಒಂದು ಸಂಜೆ ಅವಳು ತನ್ನದೇ ಒಂದು ಕಥೆ ಹೇಳಿದಳು. ದೋಣಿ ಇಳಿದು ಹೊರಟ ಪ್ರವಾಸಿಗಳಿಗೆ ಅವಳು ಕೈಮುಗಿದು, "ಗೋ ಅಂಡ್ ಕಮ್" ಎಂದಳಂತೆ. ಹೋಗಿ ಬನ್ನಿ ಎನ್ನುವುದನ್ನು ಇನ್ನು ಹೇಗೆ ಹೇಳುವುದು? ಎಲ್ಲರೂ ಹೋದರು. ದಿಲ್ಲಿಯವನೊಬ್ಬ, ಡೋಲಿನಂಥ ಹೊಟ್ಟೆಯವನು, ದಿಬ್ಬ ಹತ್ತಿ ವ್ಯಾನಿನ ತನಕ ಹೋಗಿ, ಏದುಸಿರು ಬಿಡುತ್ತ ಮತ್ತೆ ಇಳಿದು ಬಂದ. "ಎಸ್ ಮೇಡಮ್, ಐ ಹ್ಯಾವ್ ಕಮ್. ವಾಟ್ ಈಸ್ ದೇರ್?"

"ಆಮೇಲೆ ಎಂತ ಮಾಡಿದ್ರಿ ಅಕ್ಕಾ?" ಎಂದಳು ಧನ್ಯಾ, ಹೊಟ್ಟೆ ಹಿಡಿದುಕೊಂಡು.

"ಎಂತ ಮಾಡುದು? ಅಷ್ಟು ದೂರ ಹತ್ತಿ ಇಳ್ದು ಬಂದವ್ರನ್ನ ಬರಿಗೈಲಿ ಕಳ್ಸುಕಾಗ್ತದಾ? ನಮ್ಮನೆಯವ್ರಿಗೆ ಅಂತ ತಂದ ಮಜ್ಜಿಗೆ ಇತ್ತು. ಒಂದು ಲೋಟ ಕೊಟ್ಟೆ. ಕುಡ್ದು, 'ವೆರಿ ನೈಸ್ ಮೇಡಮ್' ಹೇಳಿ ಹೋದ. ಮಜ್ಜಿಗೆಗೇ ಕರ್ದದ್ದು ಅಂತ ತಿಳ್ಕಂಡಿರ್ಬೇಕು ಪಾಪ."

ಕೋಣೆ ಬಿದ್ದು ಬಿದ್ದು ನಕ್ಕಿತು. ಗಂಟೆ ಹೊಡೆಯಲು ಯಾರಿಗೂ ನೆನಪಾಗಲಿಲ್ಲ. ಮಾಸ್ತರರು ಮನೆಗೆ ಹೋಗಿ ಹೆಂಡತಿ ಶ್ರೀಮತಿಗೂ ಈ ಕಥೆ ಹೇಳಿ ನಗಿಸಿದರು. ಜೊತೆಗೆ, ಗೋ ಅಂಡ್ ಕಮ್ ಎಂಬುದು ಇಂಗ್ಲಿಷ್ ಪ್ರಯೋಗವೇ ಅಲ್ಲವೆಂದೂ, ಗುಡ್ ಬೈ ಎಂದರೆ ಸಾಕೆಂದೂ ಮರುದಿನ ಹಲಗೆಯ ಮೇಲೆ ಬರೆದು ತಿದ್ದಿದರು.

ವರ್ಗದ ವಾರ್ಷಿಕೋತ್ಸವ ಬಂತು. ಪೇಟೆಯ ಒಂದು ಸಭಾಭವನವನ್ನು ಗೊತ್ತುಮಾಡಿ, "ಮನೆಯವರನ್ನೆಲ್ಲ ಕರೆದುಕೊಂಡು ಬನ್ನಿ" ಎಂದು ಮಾಸ್ತರರು ಎಲ್ಲರಿಗೂ ಹೇಳಿದರು. ನಮ್ಮ ತಪ್ಪುಗಳು ಎಂಬ ಹೆಸರಿನ ಒಂದು ಪ್ರಹಸನವನ್ನು ಅವರೇ ಬರೆದರು. ನಡುವಿನ ದೃಶ್ಯ ಗೋ ಅಂಡ್ ಕಮ್. ನೀಲಾಳ ಪಾತ್ರ ಧನ್ಯಾಳಿಗೆ. ನೀಲಾಳಿಗೆ ಅವರು ಇದನ್ನು ಹೇಳಲಿಲ್ಲ. ಅವಳೇ ಹೇಳಿ ನಕ್ಕ ಕಥೆ, ನೋಡಿದಾಗ ಖುಷಿಪಟ್ಟಾಳು ಎಂದುಕೊಂಡರು. ಕೊನೆಯಲ್ಲಿ ವಂದನಾರ್ಪಣೆ ಮಾಡುವ ಕೆಲಸ ನೀಲಾಳದ್ದು. ಅದಕ್ಕೆ ಅವಳು ದಿನವೂ ಅಭ್ಯಾಸ ಮಾಡಿ ಬಂದಿದ್ದಳು.

ತಾಲೀಮಿನಲ್ಲಿ ದೃಶ್ಯ ಸ್ವಲ್ಪ ಸಪ್ಪೆ ಎನ್ನಿಸಿತು. ಮಜ್ಜಿಗೆ ಬಂದೊಡನೆ ನಗು ಇಳಿದುಹೋಗುತ್ತಿತ್ತು. ಮಾಸ್ತರರು ಮಜ್ಜಿಗೆಯನ್ನು ತೆಗೆದರು. ಧನ್ಯಾಳ ಸೊಂಟಕ್ಕೆ ಒಂದು ಮೀನುಬುಟ್ಟಿ ಕೊಟ್ಟರು. ದಿಲ್ಲಿಯವನಾದ ಪ್ರಕಾಶ ಮರಳಿ ಬಂದು, ಬುಟ್ಟಿಯ ಕಡೆ ಬಗ್ಗಿ, ಮೂಗು ಮುಚ್ಚಿಕೊಂಡು ಓಡಬೇಕು.

ನೀಲಾ ಮೀನುಬುಟ್ಟಿ ಹಿಡಿದು ದೋಣಿಗೆ ಬಂದದ್ದನ್ನು ಅವರು ಕಂಡವರಲ್ಲ.

ಸಭಾಭವನ ಅಲ್ಲಾಡುವಂತೆ ನಗು ಎದ್ದಿತು. ಸೆರಗು ಸಿಕ್ಕಿಸಿ, ತುಸು ವಾಲಿ ನಡೆಯುವ ನೀಲಾಳ ನಡಿಗೆಯನ್ನು ಧನ್ಯಾ ಅನುಕರಿಸಿ ಹಾಗೆಯೇ ತೆಗೆದಿದ್ದಳು. ಪ್ರಕಾಶ ಮೂಗು ಮುಚ್ಚಿ ಓಡಿದಾಗ ಹಿಂದಿನಿಂದ ಯಾರೋ ಸೀಟಿ ಹೊಡೆದರು. ಪರದೆಯ ಮರೆಯಲ್ಲಿ ನಿಂತಿದ್ದ ಮಾಸ್ತರರು ಆ ನಗುವನ್ನು ಬೇಸಗೆಯಲ್ಲಿ ಗಾಳಿಗೆ ಮೈಯೊಡ್ಡಿದ ಹಾಗೆ ಅನುಭವಿಸಿದರು. ವಂದನಾರ್ಪಣೆಗೆ ನೀಲಾಳ ಹೆಸರು ಕೂಗಿದರು. ಮತ್ತೊಮ್ಮೆ ಕೂಗಿದರು. ಗಂಡ, ಅತ್ತೆ, ಸಂಘದ ಹೆಂಗಸರು ಕುಳಿತಿದ್ದ ಸಾಲಿನಲ್ಲಿ ಅವಳ ಜಾಗ ಖಾಲಿಯಿತ್ತು.

ಮನೆಗೆ ನಡೆಯುವಾಗ ಶ್ರೀಮತಿ ಕೇಳಿದರು, "ಮಜ್ಜಿಗೆ ಎಲ್ಲಿ ಹೋತು?"

"ಅದಕ್ಕೆ ನಗೆ ಬತ್ತಿತ್ತಿಲ್ಲೆ. ತೆಗೆದೆ."

"ನಂಗೆ ಆ ಕಥೇಲಿ ಚೊಲೋ ಕಂಡಿದ್ದೇ ಅದು," ಎಂದರು ಶ್ರೀಮತಿ.

ಮಾಸ್ತರರಿಗೆ ಆಗ ತಾವು ಕಾಲೇಜಿಗೆ ಹೋದ ಮೊದಲ ದಿನ ನೆನಪಾಯಿತು. ಕುಮಟೆಯಲ್ಲಿ ಇಂಗ್ಲಿಷ್ ಉಪನ್ಯಾಸಕರು "ವಾಟ್ ಈಸ್ ಯುವರ್ ಗುಡ್ ನೇಮ್?" ಎಂದು ಕೇಳಿದ್ದರು. ಗುಡ್ ನೇಮ್ ಎಂದು ಒಂದು ಇದ್ದ ಮೇಲೆ ಇನ್ನೊಂದೂ ಇರಬೇಕಲ್ಲ ಎಂದು ಯೋಚಿಸಿ, ಸಂತೆಗುಳಿಯ ಹುಡುಗ ಎದ್ದು ನಿಂತು, "ಗುಡ್ ನೇಮ್ ಶ್ರೀರಾಮ, ಹೋಮ್ ನೇಮ್ ಅಪ್ಪಿ, ಸರ್" ಎಂದಿದ್ದ. ಆ ಕಾಲೇಜು ಬಿಡುವ ತನಕ ಅವನನ್ನು ಶ್ರೀರಾಮ ಎಂದು ಕರೆದವರಿಲ್ಲ. ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಹುಡುಗಿಯರ ಎದುರಿನಲ್ಲಿ, 'ಹೋಮ್ ನೇಮ್ ಅಪ್ಪಿ'. ಬಸ್ಸಿನ ಹಿಂದಿನ ಬಾಗಿಲಲ್ಲಿ ತಲೆತಗ್ಗಿಸಿ ನಿಂತ ಆ ಹುಡುಗನನ್ನು ಇಷ್ಟು ವರ್ಷ ಅವರು ತಿರುಗಿ ನೋಡಿರಲಿಲ್ಲ. ಈಗ ನೋಡಿದರು. ದಾರಿಯಲ್ಲಿ ಗುರುತಿನವರು ಎದುರಾಗಿ "ನಾಟಕ ಭಾರೀ ಚೆನ್ನಾಗಿತ್ತು ಮಾಸ್ತರ್ರೇ" ಎಂದಾಗ ಮುಖ ಎತ್ತಲಾಗಲಿಲ್ಲ.

ನೀಲಾ ವರ್ಗಕ್ಕೆ ಬರುವುದನ್ನು ನಿಲ್ಲಿಸಿದಳು. ಪ್ರಹಸನದ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹರಿದು ಸೇತುವೆ ದಾಟಿತ್ತು. ದೋಣಿಯ ದಂಡೆಯಲ್ಲಿ ಅವಳಿಗೆ 'ಗೋ ಅಂಡ್ ಕಮ್ ಅಕ್ಕ' ಎಂದು ಹೆಸರು ಬಿದ್ದಿದೆಯೆಂದೂ, ಸಂಘದಲ್ಲಿ ಕೊಟ್ಟಿದ್ದ ಹೆಸರನ್ನು ಅವಳು ವಾಪಸು ತೆಗೆದುಕೊಂಡಿದ್ದಾಳೆಂದೂ ಪ್ರಕಾಶ ನೆಲ ನೋಡುತ್ತ ಹೇಳಿದ. ಹೋಗಿ ತಪ್ಪೊಪ್ಪಿಕೊಳ್ಳಬೇಕು ಎಂದು ಮಾಸ್ತರರು ನಿಶ್ಚಯಿಸಿದರು. ಇಂದು, ನಾಳೆ ಎಂದು ಕಾಲು ಎಳೆಯುತ್ತಿರುವಾಗ ಪ್ರಕಾಶನೇ ಇನ್ನೊಂದು ಸುದ್ದಿ ತಂದ. ನೀಲಾಳ ಮಾವ ಜಟ್ಟಪ್ಪ ತೀರಿಕೊಂಡಿದ್ದರು.

ಸಾವಿನ ಮನೆಗೆ ಹೋಗಿ ತಮ್ಮ ತಪ್ಪಿನ ಮಾತು ಆಡುವಂತಿಲ್ಲ. ಹೋಗದೆ ಇರುವಂತೆಯೂ ಇಲ್ಲ. ಹೋದರು.

ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿದ್ದರು. ತಿಮ್ಮಪ್ಪ ಎದ್ದು ಕುರ್ಚಿ ಸರಿಸಿದ. ನೀಲಾ ಬಾಗಿಲ ಬಳಿ ಕುಳಿತವಳು ಒಮ್ಮೆ ನೋಡಿ ತಲೆ ತಗ್ಗಿಸಿದಳು. ಗೋಡೆಗೆ ಒರಗಿದ್ದ ಅತ್ತೆ ಗಂಗೆ ಕಣ್ಣು ಕಿರಿದು ಮಾಡಿ ಕೇಳಿದರು, "ಇವ್ರು ಯಾರು, ನೀಲಾ?"

"ಇಂಗ್ಲಿಷ್ ಮಾಸ್ತರ್ರು ಅತ್ತೆ."

"ಓ, ಆ ನಾಟಕ ಮಾಡ್ಸಿದವ್ರಾ?" ಮುದುಕಿಯ ಮುಖದಲ್ಲಿ, ಆ ದುಃಖದ ನಡುವೆಯೂ, ಉಪಚಾರದ ಒಂದು ಕಳೆ ಬಂತು. "ನಂಗೆ ಮಾತೊಂದೂ ತಿಳೀಲಿಲ್ಲ ಮಾಸ್ತರ್ರೇ. ಎಲ್ಲಾ ನಗಾಡಿದ್ರು, ನಾನೂ ನಗಾಡ್ದೆ. ಆ ಬುಟ್ಟಿ ಹಿಡ್ಕಂಡು ಬಂದ ಹೆಂಗ್ಸು ಯಾರು ಅದು? ಇವಳತ್ರ ಕೇಳಿದ್ರೆ ಗೊತ್ತಿಲ್ಲ ಹೇಳ್ತು."

ಮಾಸ್ತರರು ಬಾಯಿ ತೆರೆದರು. ತಿಮ್ಮಪ್ಪ ಅಂಗಳದ ತೆಂಗಿನ ಬುಡವನ್ನು ನೋಡುತ್ತಿದ್ದ. ನೀಲಾ, "ಅದು ಯಾರೋ ಕಾಲೇಜಿನವ್ರು ಅತ್ತೆ, ಬಿಡಿ" ಎಂದಳು.

ಇನ್ನು ಅಲ್ಲಿ ಕುಳಿತಿರಲು ಅವರಿಂದಾಗಲಿಲ್ಲ. ಥಟ್ಟನೆ ಎದ್ದರು. ಎಲ್ಲರೂ ತಲೆ ಎತ್ತಿ ನೋಡಿದರು. ಆ ಗಲಿಬಿಲಿಯಲ್ಲಿ ಕೈ ತಾನಾಗಿ ಜೋಡಿಸಿಕೊಂಡಿತು, ಹುಟ್ಟಿದಂದಿನಿಂದ ಯಾವ ಮನೆಯಿಂದ ಹೊರಡುವಾಗಲೂ ಬರುವ ಮಾತು ತಾನಾಗಿ ಬಾಯಿಗೆ ಬಂತು.

"ಹಂಗಾದ್ರೆ ನಾ ಹೋಗಿ ಬ..."

"ಸರ್!" ನೀಲಾ ಎದ್ದು ನಿಂತಿದ್ದಳು. ದನಿ ಜೋರಲ್ಲ, ಆದರೆ ತಕ್ಷಣದ್ದು. "ನೋ ಕಮ್, ಸರ್. ಓನ್ಲಿ ಗೋ."

ಮಾಸ್ತರರ ಮಾತು ತುಟಿಯಲ್ಲೇ ನಿಂತಿತು. ಸಾವಿನ ಮನೆಯಿಂದ ಹೊರಡುವವರು ಬರುತ್ತೇನೆ ಎನ್ನಬಾರದು. ಮತ್ತೆ ಇಂಥದೇ ಕಾರಣಕ್ಕೆ ಬರುತ್ತೇನೆ ಎಂದ ಹಾಗೆ. ಹೇಳದೆ ಕೇಳದೆ ಎದ್ದು ಹೋಗಬೇಕು. ಇದು ಕರಾವಳಿಯ ಸಣ್ಣ ಮಗುವಿಗೂ ಗೊತ್ತು.

"ಎಂತ ಹೇಳ್ತೇ ಅವ್ರ ಹತ್ರ, ಇಂಗ್ಲಿಷಲ್ಲಿ?" ಎಂದರು ಗಂಗೆ.

"ಚಪ್ಪಲಿ ಬಿಸ್ಲಲ್ಲಿ ಕಾದದೆ, ನೋಡ್ಕಂಡು ಮೆಟ್ಟಿ ಅಂತ ಹೇಳ್ದೆ ಅತ್ತೆ."

ಮಾಸ್ತರರು ಚಪ್ಪಲಿ ಮೆಟ್ಟಿ ನಡೆದರು. ಹಿಂತಿರುಗಿ ನೋಡಲಿಲ್ಲ, ನೋಡಬಾರದೆಂಬ ಪದ್ಧತಿಯಿತ್ತು, ಧೈರ್ಯವೂ ಇರಲಿಲ್ಲ. ಬಸ್ಸು ಸೇತುವೆಯ ಮೇಲೆ ಬಂದಾಗ ಕೆಳಗೆ ಹೊಳೆ ಕಾಣಿಸಿತು. ಹೋಗಿ ಬರುವುದು ಎಂದರೆ ಏನೆಂದು ತಾವು ವರ್ಗದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಹೋಗುವವನು ಮರಳಿ ಬರಲಿ ಎಂಬ ಆಸೆಯನ್ನು ಅವಳು ಒಬ್ಬ ಅಪರಿಚಿತನಿಗೆ, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಕೊಟ್ಟಿದ್ದಳು. ತಾವು ಅದನ್ನು ತಪ್ಪೆಂದು ಹಲಗೆಯ ಮೇಲೆ ತಿದ್ದಿದ್ದರು. ಅಷ್ಟಾಗಿದ್ದರೆ ಮಾಸ್ತರಿಕೆ ಎನ್ನಬಹುದಿತ್ತು. ಬುಟ್ಟಿಗೆ ಏನೆನ್ನುವುದು?

ಮರುದಿನ ವರ್ಗದಲ್ಲಿ ಅವರು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಮೊದಲು ಹೋಮ್ ನೇಮ್ ಅಪ್ಪಿಯ ಕಥೆ. ಮಕ್ಕಳು ನಕ್ಕರು, ಆಮೇಲೆ ಅವರ ಮುಖ ನೋಡಿ ಸುಮ್ಮನಾದರು. ಆಮೇಲೆ ಬುಟ್ಟಿ, ಮಜ್ಜಿಗೆ, ಮುದುಕಿಯ ಪ್ರಶ್ನೆ. ಧನ್ಯಾ ಅತ್ತಳು. "ನಾನೂ ಹಿಡ್ಕಂಡೆ ಅಲ್ದಾ ಸರ್ ಬುಟ್ಟಿ," ಎಂದಳು.

"ಹಿಡಿದದ್ದು ನೀನು. ಕೊಟ್ಟದ್ದು ನಾನು," ಎಂದರು ಮಾಸ್ತರರು.

ಅಂದಿನಿಂದ ಗಂಟೆಯ ನಿಯಮ ತಿರುಗಿತು. ತಪ್ಪಿಗೆ ಗಂಟೆಯಿಲ್ಲ. ಒಬ್ಬರು ಹೇಳಿದ್ದು ಎದುರಿನವರಿಗೆ ಪೂರ್ತಿ ತಿಳಿದರೆ, ಎದುರಿನವರು ಗಂಟೆ ಹೊಡೆಯಬೇಕು. ವಾಕ್ಯ ಹೇಗೇ ಇರಲಿ. ತಿದ್ದುವುದು ಆಮೇಲೆ, ಮೆಲ್ಲಗೆ, ಬದಿಗೆ ಕರೆದು. ಮೊದಮೊದಲು ಗಂಟೆ ಅಪರೂಪಕ್ಕೆ ಕೇಳಿಸಿತು. ತಿಳಿಯುವ ಹಾಗೆ ಹೇಳುವುದು ಸರಿಯಾಗಿ ಹೇಳುವುದಕ್ಕಿಂತ ಕಷ್ಟ ಎಂದು ಎಲ್ಲರಿಗೂ ಗೊತ್ತಾಗುತ್ತ ಬಂತು.

ಜಟ್ಟಪ್ಪನವರ ಕಾರ್ಯಗಳೆಲ್ಲ ಮುಗಿದ ಮೇಲೆ ಮಾಸ್ತರರು ದೋಣಿಯ ದಂಡೆಗೆ ಹೋದರು. ನೀಲಾ ಒದ್ದೆ ಹಗ್ಗವನ್ನು ಸುರುಳಿ ಸುತ್ತುತ್ತಿದ್ದಳು.

"ನನ್ನಿಂದ ತಪ್ಪಾತು, ನೀಲಾ."

ಅವಳು ಹಗ್ಗ ಬಿಡಲಿಲ್ಲ. "ನಗಾಡ್ಸುದಾದ್ರೆ ನಾನೇ ನಗಾಡ್ಸ್ತಿದ್ದೆ ಸರ್. ನಂಗೇ ವೇಷ ಹಾಕಿ ನಿಲ್ಸಿದ್ರೂ ಮಾಡ್ತಿದ್ದೆ. ಬುಟ್ಟಿ ಎಂತಕ್ಕೆ ಕೊಟ್ರಿ?"

ಮಾಸ್ತರರಲ್ಲಿ ಇದ್ದ ಉತ್ತರ, ನಗು ಇನ್ನೂ ಏಳಲಿ ಎಂದು ಕೊಟ್ಟೆ ಎಂಬುದು, ಹೇಳುವಂಥದ್ದಾಗಿರಲಿಲ್ಲ. ನೀಲಾ ಅವರ ಮುಖ ನೋಡಿ, ತಾನೇ ತಲೆಯಾಡಿಸಿದಳು. ಉತ್ತರ ಸಿಕ್ಕಿತು ಎನ್ನುವ ಹಾಗೆ.

"ಕ್ಲಾಸಿಗೆ ಬರುದಿಲ್ಲ ನಾನು."

"ಕ್ಲಾಸೇ ಇಲ್ಲಿಗೆ ಬಂದ್ರೆ?"

"ಟಿಕೆಟ್ ತಗಂಡು ಬಂದವ್ರನ್ನ ಯಾರನ್ನೂ ಬೇಡ ಹೇಳುದಿಲ್ಲ ಸಂಘದಲ್ಲಿ," ಎಂದಳು ನೀಲಾ.

ಹಾಗೆ ಮಳೆ ಬಿಟ್ಟ ಮೇಲೆ ಭಾನುವಾರದ ವರ್ಗ ದೋಣಿಯಲ್ಲಿ ಶುರುವಾಯಿತು. ಧನ್ಯಾ ಮೊದಲ ದಿನ ದೋಣಿ ಹತ್ತುವ ಮುಂಚೆ ನೀಲಾಳ ಬಳಿ ಹೋಗಿ ಏನೋ ಹೇಳಿದಳು. ನೀಲಾ ಅವಳ ಕಿವಿ ಹಿಂಡಿ, "ನನ್ನ ನಡಿಗೆ ಮಾತ್ರ ಬರಾಬರ್ ತೆಗ್ದಿದ್ದೆ, ಪೋರಿ" ಎಂದಳು. ಮಕ್ಕಳು ದಿಲ್ಲಿಯವರಾದರು, ಬಂಗಾಲದವರಾದರು, ಫ್ರಾನ್ಸಿನವರಾದರು. ಬೇಕೆಂದೇ ಕಾಡುವ ಪ್ರಶ್ನೆ ಕೇಳಿದರು. ಮೊದಲು ನೀಲಾ ಒಂದೊಂದು ಶಬ್ದದಲ್ಲಿ ಉತ್ತರ ಕೊಟ್ಟಳು. ಆಮೇಲೆ ಸಿಟ್ಟು ಬಂದು ವಾಕ್ಯಗಳಲ್ಲೇ ಜಗಳಕ್ಕಿಳಿದಳು. ಮಾಸ್ತರರು ದೋಣಿಯ ಹಿಂದಿನ ತುದಿಯಲ್ಲಿ ತಿಮ್ಮಪ್ಪನ ಪಕ್ಕ ಬಾಯಿ ಮುಚ್ಚಿಕೊಂಡು ಕುಳಿತಿರುತ್ತಿದ್ದರು. ಅವಳು ಯಾವುದನ್ನಾದರೂ ಕೇಳಿದರೆ ಹೇಳುವುದು, ಇಲ್ಲವಾದರೆ ಇಲ್ಲ. ಅವಳು ಹೆಚ್ಚು ಕೇಳುತ್ತಲೂ ಇರಲಿಲ್ಲ. ತಿಮ್ಮಪ್ಪ ಅವರ ಜೊತೆ ಗಾಳಿ, ಉಬ್ಬರ, ಇಳಿತ ಎಂದು ಎರಡು ಮಾತಾಡುತ್ತಿದ್ದ, ಅದಕ್ಕಿಂತ ಹೆಚ್ಚಿಲ್ಲ. ಅದು ತಮಗೆ ತಕ್ಕುದೇ ಎಂದು ಮಾಸ್ತರರು ತಿಳಿದುಕೊಂಡರು.

ನೀಲಾ ಮತ್ತೆ ಹೆಸರು ಕೊಟ್ಟಳು. ಸಂಘದವರು ಅವಳನ್ನೇ ಆರಿಸಿದರು.

ಅವಳು ಕೆಲಸಕ್ಕೆ ನಿಂತ ಮೇಲೆ ಒಂದು ಭಾನುವಾರ ಮಾಸ್ತರರು ಒಬ್ಬರೇ ಟಿಕೆಟ್ ತೆಗೆದುಕೊಂಡು, ಪುಣೆಯಿಂದ ಬಂದ ಒಂದು ಗುಂಪಿನ ಜೊತೆ ದೋಣಿ ಹತ್ತಿದರು. ನೀಲಾ ನಿಂತು ಮಾತಾಡಿದಳು. ಒಂದೆರಡು ಕಡೆ ಕ್ರಿಯಾಪದ ಜಾರಿತು. ಯಾರೂ ಗಮನಿಸಲಿಲ್ಲ, ಮಾಸ್ತರರೊಬ್ಬರನ್ನು ಬಿಟ್ಟು. ಅವರೂ ಗಮನಿಸಬಾರದು ಎಂದು ಹೊಳೆಯ ಕಡೆ ನೋಡಿದರು. ಒಬ್ಬ ಹೆಂಗಸು ಏನೋ ಕೇಳಿ, ನೀಲಾಳ ಉತ್ತರಕ್ಕೆ ಇಡೀ ದೋಣಿ ನಕ್ಕಿತು. ಅದು ಅವಳೇ ನಗಿಸಿದ ನಗು.

ದೋಣಿ ದಂಡೆ ಮುಟ್ಟಿತು. ಪ್ರವಾಸಿಗಳು ಇಳಿಯತೊಡಗಿದರು. ನೀಲಾ ಪಕ್ಕದಲ್ಲಿ ನಿಂತು ಒಬ್ಬೊಬ್ಬರಿಗೂ ಹೇಳಿದಳು, "ಥ್ಯಾಂಕ್ ಯು. ಗುಡ್ ಬೈ. ಥ್ಯಾಂಕ್ ಯು. ಗುಡ್ ಬೈ."

ತಪ್ಪಿಲ್ಲದ ಇಂಗ್ಲಿಷ್. ಅವರೇ ಹಲಗೆಯ ಮೇಲೆ ಬರೆದು ಕಲಿಸಿದ್ದು. ಕೇಳುತ್ತ ಕೇಳುತ್ತ ಮಾಸ್ತರರ ಮುಖ ಇಳಿಯಿತು. ಪುಣೆಯವರು ಯಾರೂ ತಿರುಗಿ ನೋಡದೆ ದಿಬ್ಬ ಹತ್ತಿ ಹೋದರು. ಯಾರೂ ಏದುಸಿರು ಬಿಡುತ್ತ ವಾಪಸು ಬರುವ ಹಾಗಿರಲಿಲ್ಲ.

ಕೊನೆಯವರಾಗಿ ಮಾಸ್ತರರು ಇಳಿದರು. ನೀಲಾ ಅವರಿಗೂ, "ಥ್ಯಾಂಕ್ ಯು ಸರ್. ಗುಡ್ ಬೈ" ಎಂದಳು. ಮಾಸ್ತರರು ನಿಂತರು. ಕೈಮುಗಿದರು. ಇಪ್ಪತ್ತೈದು ವರ್ಷ ಇಂಗ್ಲಿಷ್ ಕಲಿಸಿದ ನಾಲಿಗೆ ಒಮ್ಮೆ ತಡವರಿಸಿತು.

"ಐ ವಿಲ್ ಗೋ ಅಂಡ್ ಕಮ್, ನೀಲಾ."

ನೀಲಾ ಅವರನ್ನು ನೋಡಿದಳು. ಹುಟ್ಟು ಹಿಡಿದಿದ್ದ ತಿಮ್ಮಪ್ಪನೂ ನೋಡಿದ. ಅವಳ ತುಟಿಯ ಒಂದು ಕೊನೆ ಸ್ವಲ್ಪ ಮೇಲೆ ಹೋಯಿತು. ತೋರುಬೆರಳನ್ನು ಗಾಳಿಯಲ್ಲಿ ಆಡಿಸಿ, "ಟಣ್!" ಎಂದಳು.

ವರ್ಗದಲ್ಲಿ ಗಂಟೆಯ ನಿಯಮ ತಿರುಗಿದ್ದನ್ನು ಧನ್ಯಾ ಅವಳಿಗೆ ಹೇಳಿದ್ದಳೋ ಇಲ್ಲವೋ ಮಾಸ್ತರರಿಗೆ ಗೊತ್ತಿರಲಿಲ್ಲ. ಆ ಟಣ್ ತಪ್ಪಿಗೆ ಬಿದ್ದದ್ದೋ, ತಿಳಿಯಿತು ಎಂಬುದಕ್ಕೆ ಬಿದ್ದದ್ದೋ, ಕೇಳುವ ಹಕ್ಕು ತಮಗಿಲ್ಲ ಎನ್ನಿಸಿತು. ತಲೆ ತಗ್ಗಿಸಿಕೊಂಡೇ ದಿಬ್ಬ ಹತ್ತಿದರು. ಮೇಲೆ ತಲುಪಿದ ಮೇಲೆ, ದಿಲ್ಲಿಯವನ ಹಾಗೆ, ಒಮ್ಮೆ ನಿಂತು ಹಿಂದೆ ನೋಡಿದರು. ನೀಲಾ ಆಗಲೇ ಮುಂದಿನ ಗುಂಪನ್ನು ದೋಣಿ ಹತ್ತಿಸುತ್ತಿದ್ದಳು.